ಅರಿಶಿನ ಕುಂಕುಮದ ಬಾಬ್ತು

‘ಕ್ಲಿಯರ್ ಟೈಟಲ್’ ಎಂಬ ಮಾತನ್ನು ನಾನು ಮೊದಲಿನಿಂದಲೂ ನಂಬಿದವಳಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳಿಗ್ಗೆ ಒಂದು ವಿಷಯದ ಪರವಾಗಿ ಮಾತಾಡಿ, ಮಧ್ಯಾಹ್ನ ಅದರ ವಿರುದ್ಧವಾಗಿ ಮಾತಾಡಿ, ಎರಡಕ್ಕೂ ಚಪ್ಪಾಳೆ ತೆಗೆದುಕೊಂಡವಳು ನಾನು. ಒಂದು ತುಂಡು ನೆಲ ಯಾವ ಪ್ರಶ್ನೆಯೂ ಇಲ್ಲದಂತೆ ಇಂಥವರದೇ ಎಂದು ಬರೆದು ರುಜು ಹಾಕುವುದು ಅಂಥವಳಿಗೆ ಸುಲಭವಲ್ಲ. ಆದರೆ ಪಿರಿಯಾಪಟ್ಟಣದ ನಮ್ಮ ಆಫೀಸಿನಲ್ಲಿ ನನ್ನ ಪಾಲಿಗೆ ಬಂದದ್ದು ಅದೇ ಕೆಲಸ. ಜಮೀನು ಕೊಳ್ಳುವವರು ಕಾಗದದ ಕಟ್ಟು ತಂದುಕೊಟ್ಟರೆ ನಮ್ಮ ಸೀನಿಯರು ಅದನ್ನು ನನ್ನ ಮೇಜಿಗೆ ತಳ್ಳಿ, “ಇದರಲ್ಲಿ ಯಾರು ಸತ್ತಿದ್ದಾರೆ, ಯಾರು ಬದುಕಿದ್ದಾರೆ ನೋಡಮ್ಮ” ಎನ್ನುತ್ತಿದ್ದರು. ಅವರ ಲೆಕ್ಕದಲ್ಲಿ ಆಸ್ತಿ ವಕೀಲಿಕೆ ಎಂದರೆ ಅಷ್ಟೇ. ಸತ್ತವರ ಹಕ್ಕು ಬದುಕಿದವರಲ್ಲಿ ಯಾರ ಮನೆಗೆ ಹೋಯಿತು ಎಂದು ಹಿಂಬಾಲಿಸಿಕೊಂಡು ಹೋಗುವುದು.

ಪಹಣಿಗಳು ಇನ್ನೂ ಕೈಬರಹದಲ್ಲಿದ್ದ ಕಾಲ. ಹಾಗೆ ಬಂದ ಕಟ್ಟುಗಳಲ್ಲಿ ಒಂದು ಕೊಪ್ಪದ ಜೋಳದ ವ್ಯಾಪಾರಿಯದು. ರಾವಂದೂರಿನ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ಅವನು ಗೋದಾಮು ಕಟ್ಟಬೇಕೆಂದಿದ್ದ. ಕೃಷಿಕನಲ್ಲದವನು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ ಆಗ. ಅವನಿಗೆ ಸ್ವಂತ ಬೇಸಾಯವಿದ್ದುದರಿಂದ ಆ ತೊಡಕಿರಲಿಲ್ಲ. ಮಾರುವವರು ಇಬ್ಬರು ಅಣ್ಣತಮ್ಮಂದಿರು. ಮೂಡಲಿಗೆ ರಸ್ತೆ, ರಸ್ತೆಗೆ ತಾಗಿಕೊಂಡು ಒಂದು ತುಂಡು, ಅದರ ಬೆನ್ನಿಗೆ ಇನ್ನೊಂದು, ಅದರ ಹಿಂದೆ ಪಡುವಲಿಗೆ ಮೂರನೆಯದು. ಮೂರನ್ನೂ ಒಟ್ಟಿಗೆ ಮಾರುವ ಮಾತಾಗಿತ್ತು. ನಾವು ಕೊಳ್ಳುವವನ ಕಡೆಯ ವಕೀಲರು. ಹಕ್ಕು ಸರಿಯಿದೆಯೇ ಇಲ್ಲವೇ ಎಂದು ನಾನು ಬರೆದುಕೊಡಬೇಕು, ಅದರ ಮೇಲೆ ಅವನು ಮುಂದುವರಿಯಬೇಕು.

ಕಾಗದ ಓದುವ ಮೊದಲು ನೆಲ ನೋಡಬೇಕು ಎನ್ನುವುದು ಸೀನಿಯರು ಕಲಿಸಿದ ಕ್ರಮ. ನೋಡಲು ಹೋದೆ. ರಸ್ತೆ ಬದಿಯ ತುಂಡಿನಲ್ಲಿ ಹೊಗೆಸೊಪ್ಪು ಎದೆಯೆತ್ತರ ನಿಂತಿತ್ತು. ಹಿಂದಿನದರಲ್ಲೂ ಹೊಗೆಸೊಪ್ಪು. ನಡುವಿನದರಲ್ಲಿ ಮಾತ್ರ ರಾಗಿ, ರಾಗಿಯ ನಡುನಡುವೆ ಅವರೆ ಸಾಲು. ಒಬ್ಬರೇ ಬೇಸಾಯ ಮಾಡುವ ಹೊಲಗಳು ಹೀಗೆ ನಡುವೆ ಬಣ್ಣ ಬದಲಿಸುವುದಿಲ್ಲ.

“ಇದರಲ್ಲಿ ಯಾಕೆ ರಾಗಿ?” ಎಂದೆ.

“ಅದು ನಮ್ ತಂಗಿ ಆಕವ್ಳೆ,” ಎಂದ ದೊಡ್ಡಣ್ಣ. ಐವತ್ತು ದಾಟಿದ, ಹೆಗಲ ಮೇಲಿನ ಟವೆಲನ್ನು ಮಾತಿಗೊಮ್ಮೆ ಸರಿಮಾಡಿಕೊಳ್ಳುವ ಮನುಷ್ಯ. “ಇರ್ಲಿ ಬುಡಿ, ಕುಯ್ಕಂಡು ಓಯ್ತಾಳೆ.”

“ಅವರು ಬೇಸಾಯ ಮಾಡುತ್ತಿದ್ದರೆ ಹೊಲ ಯಾರದು?”

“ನಮ್ದೇ ಕಣವ್ವ. ನಮ್ಮಪ್ಪ ಅವ್ಳಿಗೆ ಅರಿಶಿನ ಕುಂಕುಮಕ್ಕೆ ಅಂತ ಬುಟ್ಕೊಟ್ಟಿದ್ದ. ಉಣಸೂರು ಕಡೆ ಕೊಟ್ಟಿದ್ವಿ. ಈಗ ಭಾವ ಓಗ್ಬುಟ್ಟ, ಇವ್ಳು ಇಲ್ಲೇ ಬಂದವ್ಳೆ. ಕುಂಕುಮಾನೇ ಇಲ್ದ ಮ್ಯಾಲೆ ಕುಂಕುಮದ ಒಲ ಎಲ್ಲಿಂದ ಬಂತು? ನೀವೇ ಯೋಳಿ ಲಾಯರಮ್ಮ.”

ರಾಗಿಯ ನಡುವೆ ಬಗ್ಗಿ ಕಳೆ ಕೀಳುತ್ತಿದ್ದ ಹೆಂಗಸು ನೆಟ್ಟಗಾದಳು. “ಅದ್ಯಾಕಣ್ಣ ಅಷ್ಟು ಮೆತ್ತಗೆ ಯೋಳ್ತೀಯೆ? ಜೋರಾಗೇ ಯೋಳು, ಪೈರಿಗೂ ಕೇಳ್ಲಿ.”

ಪಕ್ಕದಲ್ಲಿ ನಿಂತಿದ್ದ ಕಿರಿಯ ಅಣ್ಣ ನಗು ತಡೆದುಕೊಂಡ. ದೊಡ್ಡಣ್ಣ ಟವೆಲು ಸರಿಮಾಡಿಕೊಂಡ.

ನಾನು ಅವಳ ಹತ್ತಿರ ಹೋದೆ. ಅವಳೇ ಮೊದಲು ಕೇಳಿದಳು: “ಯಾರ ಕಡೆ ಲಾಯರು ನೀವು?”

“ಕೊಳ್ಳುವವರ ಕಡೆ.”

“ಅಂಗಾದ್ರೆ ನಂಗೇನೂ ಬುದ್ಧಿ ಯೋಳ್ಬ್ಯಾಡಿ. ನಾನೂ ನಿಮ್ಗೆ ಏನೂ ಯೋಳಲ್ಲ. ಒಂದೇ ಮಾತು, ಬರ್ಕಳಿ ಬುಡಿ ನಿಮ್ಮಿಷ್ಟ. ನಾನು ಇದ್ನ ಮಾರಲ್ಲ. ಇದು ಓದ್ರೆ ನಾನು ಅಣ್ಣನ ಮನೆ ಒಲೆ ಮುಂದೆ ತಟ್ಟೆ ಇಟ್ಕಂಡು ಕೂರ್ಬೇಕಾಯ್ತದೆ.”

ಇಷ್ಟು ಹೇಳಿ ಮತ್ತೆ ಬಗ್ಗಿದಳು.

ಬಸ್ಸಿನಲ್ಲಿ ವಾಪಸು ಬರುವಾಗ ದೊಡ್ಡಣ್ಣನ ವಾದವನ್ನೇ ಯೋಚಿಸಿದೆ. ಕೇಳಲು ಒರಟಾಗಿದ್ದರೂ ಅದರ ಕಟ್ಟೋಣ ಚೆನ್ನಾಗಿತ್ತು. ಒಂದು ಉದ್ದೇಶಕ್ಕೆ ಕೊಟ್ಟದ್ದು ಆ ಉದ್ದೇಶ ಮುಗಿದಾಗ ಕೊಟ್ಟವನ ಮನೆಗೆ ಹಿಂದಿರುಗುತ್ತದೆ. ಎದುರಾಳಿ ಇಷ್ಟವಿಲ್ಲ ಎಂಬ ಕಾರಣಕ್ಕೆ ಅವನ ವಾದ ಕೆಟ್ಟದಾಗುವುದಿಲ್ಲ. ಚರ್ಚೆಯಲ್ಲಿ ಅದನ್ನು ಮರೆತವರು ಮೊದಲ ಸುತ್ತಿನಲ್ಲೇ ಮನೆಗೆ ಹೋಗುತ್ತಾರೆ.

ಅಪ್ಪ ಬರೆದುಕೊಟ್ಟ ಪತ್ರ ನೋಂದಣಿಯಾಗಿತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನಕಲು ತೆಗೆಸಿದೆ. ‘ನಿನ್ನ ಅರಿಶಿನ ಕುಂಕುಮದ ಬಾಬ್ತು ಈ ಕೆಳಕಂಡ ಜಮೀನನ್ನು ನಿನ್ನ ವಶಕ್ಕೆ ಬಿಟ್ಟುಕೊಟ್ಟಿರುತ್ತೇನೆ. ನೀನು ಅನುಭವಿಸಿಕೊಂಡು ಬರತಕ್ಕದ್ದು.’ ಅಷ್ಟೇ. ದಾನಪತ್ರಗಳಲ್ಲಿ ಕಣ್ಣು ಮುಚ್ಚಿಕೊಂಡು ಬರೆಯುವ ಸಾಲೊಂದಿದೆ: ಪುತ್ರಪೌತ್ರ ಪಾರಂಪರ್ಯವಾಗಿ, ದಾನ ವಿಕ್ರಯಾದಿ ಸಕಲ ಹಕ್ಕುಗಳೊಂದಿಗೆ. ಆ ಸಾಲು ಇದರಲ್ಲಿ ಇರಲಿಲ್ಲ. ‘ಮರಣಾನಂತರ ಹಿಂದಿರುಗತಕ್ಕದ್ದು’ ಎಂಬ ಸಾಲೂ ಇರಲಿಲ್ಲ. ಪಹಣಿಯಲ್ಲಿ ಖಾತೆ ಅಪ್ಪನ ಹೆಸರಿನಿಂದ ನೇರವಾಗಿ ಅಣ್ಣಂದಿರ ಹೆಸರಿಗೆ ಹೋಗಿತ್ತು. ತಂಗಿಯ ಹೆಸರಿದ್ದದ್ದು ಸಾಗುವಳಿದಾರರ ಕಾಲಮಿನಲ್ಲಿ ಮಾತ್ರ.

ನಾನು ಎರಡು ಹಾಳೆ ತೆಗೆದುಕೊಂಡೆ. ಒಂದರಲ್ಲಿ ತಂಗಿಯ ಪರ ಬರೆದೆ: ಹಿಂದೂ ಉತ್ತರಾಧಿಕಾರ ಕಾಯ್ದೆಯ ಹದಿನಾಲ್ಕನೇ ಕಲಮಿನ ಪ್ರಕಾರ ಹೆಣ್ಣಿನ ವಶದಲ್ಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿ. ಇನ್ನೊಂದರಲ್ಲಿ ಅಣ್ಣಂದಿರ ಪರ: ಅದೇ ಕಲಮಿನ ಎರಡನೇ ಭಾಗ ಹೇಳುವಂತೆ, ಕೊಟ್ಟ ಪತ್ರವೇ ಹಕ್ಕನ್ನು ಮಿತಗೊಳಿಸಿದ್ದರೆ ಅವಳಿಗೆ ಸಿಗುವುದೂ ಅಷ್ಟೇ, ಇಲ್ಲಿ ‘ಅರಿಶಿನ ಕುಂಕುಮದ ಬಾಬ್ತು’ ಎಂಬುದೇ ಮಿತಿ. ಎರಡನ್ನೂ ಸೀನಿಯರ ಮುಂದಿಟ್ಟೆ.

ಅವರು ಎರಡನ್ನೂ ಓದಿದರು. “ಎರಡೂ ಚೆನ್ನಾಗಿದೆ. ಈಗ ಹೇಳು, ಇವೆರಡರಲ್ಲಿ ಯಾವ ಹಾಳೆಯ ಮೇಲೆ ಅವನು ಗೋದಾಮು ಕಟ್ಟಬೇಕು?”

ನಾನು ಹಾಳೆಗಳನ್ನು ಹಿಂದಕ್ಕೆ ತೆಗೆದುಕೊಂಡೆ. “ಪದ್ಧತಿ ಏನು ಅಂತ ವಿಚಾರಿಸು,” ಎಂದರು.

ವಿಚಾರಿಸಿದೆ. ಪದ್ಧತಿ ಎಂಬುದರ ಮೇಲೆ ನನಗಿದ್ದ ಅಲ್ಪಸ್ವಲ್ಪ ಗೌರವವೂ ಆ ವಾರ ಹೋಯಿತು. ರಾವಂದೂರಿನ ಚಹಾದಂಗಡಿಯಲ್ಲಿ ಒಬ್ಬ ಹಿರಿಯರು, “ಅರಿಶಿನ ಕುಂಕುಮದ್ದು ಗಂಡ ಇರೋಗಂಟ ಕಣವ್ವ,” ಎಂದರು. ಅದೇ ಬೆಂಚಿನ ಮೇಲಿದ್ದ ಇನ್ನೊಬ್ಬರು, “ಯಾರ್ಲಾ ಅಂದೋರು? ಕೊಟ್ಟಿದ್ದು ಕೊಟ್ಟಂಗೆ,” ಎಂದು ಅವರ ಮೇಲೆ ಬಿದ್ದರು. ಆಮೇಲೆ ತಿಳಿಯಿತು. ಮೊದಲನೆಯವರು ತಮ್ಮ ತಂಗಿಗೆ ಹೊಲ ಕೊಟ್ಟವರು. ಎರಡನೆಯವರ ಹೆಂಡತಿ ಹೊಲ ತಂದವಳು. ನಾನು ಕೇಳಿದವರೆಲ್ಲ ಹೀಗೆಯೇ, ತಮ್ಮ ಮನೆಯಿಂದ ಅಂಥ ಹೊಲ ಹೋಗಿದೆಯೋ ತಮ್ಮ ಮನೆಗೆ ಬಂದಿದೆಯೋ ನೋಡಿಕೊಂಡು ಪದ್ಧತಿ ಹೇಳುತ್ತಿದ್ದರು. ಇದನ್ನು ಸಾಕ್ಷ್ಯ ಎಂದು ಬರೆಯಲು ನನಗೆ ಮನಸ್ಸಾಗಲಿಲ್ಲ.

ವ್ಯಾಪಾರಿ ಅವಸರ ಮಾಡುತ್ತಿದ್ದ. ಅರ್ಧಂಬರ್ಧ ಅಭಿಪ್ರಾಯ ಬರೆಯುವುದು ಹೇಗೆಂದು ಎಲ್ಲ ವಕೀಲರಿಗೂ ಗೊತ್ತು. ‘ಮಾರುವವರು ನೀಡಿರುವ ಮಾಹಿತಿಗೆ ಒಳಪಟ್ಟು’ ಎಂದು ಆರಂಭಿಸಿದರೆ ಕೊನೆಯಲ್ಲಿ ಏನು ಬೇಕಾದರೂ ಹೇಳಬಹುದು. ಆ ಸಾಲನ್ನು ಬರೆದೂ ಇದ್ದೆ. ಆದರೆ ಅದರ ಕೆಳಗೆ ಮೂರು ಜಮೀನುಗಳ ವಿವರ ತುಂಬುವಾಗ ಒಂದು ಸಣ್ಣ ವಿಷಯ ಸಿಕ್ಕಿಹಾಕಿಕೊಂಡಿತು. ರಸ್ತೆ ಬದಿಯ ತುಂಡಿನ ಸರ್ವೆ ನಂಬರು ಆ ಊರಿನದಲ್ಲ, ಪಕ್ಕದ ಊರಿನದು. ಎರಡು ಗ್ರಾಮಗಳ ಎಲ್ಲೆ ಸರಿಯಾಗಿ ಆ ಬದುವಿನ ಮೇಲೇ ಹಾದುಹೋಗುತ್ತಿತ್ತು. ಅಣ್ಣಂದಿರ ಅಪ್ಪ ಪಕ್ಕದ ಊರಿನಲ್ಲಿ ಜಮೀನು ಕೊಂಡ ಕಾಗದ ಕಟ್ಟಿನಲ್ಲಿ ಎಲ್ಲೂ ಇರಲಿಲ್ಲ.

ಅಣ್ಣತಮ್ಮಂದಿರನ್ನು ಆಫೀಸಿಗೆ ಕರೆಸಿದೆ. ಸೀನಿಯರೂ ಇದ್ದರು.

“ರಸ್ತೆ ಬದಿಯದನ್ನು ನಿಮ್ಮ ತಂದೆ ಯಾರಿಂದ ಕೊಂಡರು?”

ದೊಡ್ಡಣ್ಣನಿಗೆ ನಗು ಬಂತು. “ಅಪ್ಪ ಯಾಕ್ ಕೊಂಡ್ಕತಾನೆ? ಅದು ಅವ್ವನ ಒಲ.”

“ಅಂದರೆ?”

“ನಮ್ಮವ್ವನ ತವರು ಪಕ್ಕದೂರು. ಅವ್ರಪ್ಪ ಕೊಟ್ಟಿದ್ದು.”

“ಏನೆಂದು ಕೊಟ್ಟರು?”

“ಇನ್ನೇನಂತ ಕೊಡ್ತಾರೆ, ಅರಿಶಿನ ಕುಂ…”

ಮಾತು ಅಲ್ಲಿಗೇ ನಿಂತಿತು. ನಾನು ಮುಂದಿನ ಪ್ರಶ್ನೆ ಕೇಳಿದೆ. ಚರ್ಚೆಯ ದಿನಗಳಲ್ಲಿ ಇಂಥ ಪ್ರಶ್ನೆಯನ್ನು ನಾವು ಇಕ್ಕಳ ಎನ್ನುತ್ತಿದ್ದೆವು; ಯಾವ ಕಡೆ ಉತ್ತರಿಸಿದರೂ ಹಿಡಿಯುತ್ತದೆ. “ನಿಮ್ಮ ತಂದೆ ಹೋದ ಮೇಲೆ ತಾಯಿ ಬಹಳ ಕಾಲ ಇದ್ದರಾ? ಆಗ ಸೋದರಮಾವಂದಿರು ಹೊಲ ವಾಪಸು ಕೇಳಲಿಲ್ಲವಾ?”

ದೊಡ್ಡಣ್ಣ ಕೆರಳಿದ. “ಯಾವನ್ ಕೇಳಕ್ ಬತ್ತಾನೆ? ಅವ್ಳಿಗೆ ಕೊಟ್ಟಿದ್ದು ಅವ್ಳುದೇ. ಅಪ್ಪ ಓದ್ಮೇಲೂ ಸಾಯೋಗಂಟ ಅವ್ವನೇ ನಿಂತು ಉಳುಮೆ ಮಾಡ್ಸವ್ಳೆ. ನಮ್ಮವ್ವನ ಒಲ ನಮ್ಮವ್ವಂದು.”

ಕಿರಿಯವನು ಅಣ್ಣನ ತೋಳು ಹಿಡಿದ. “ಅಣ್ಣಾ, ಸಾಕು ಸುಮ್ಕಿರು. ನಿನ್ ಟವಲ್ಲಲ್ಲೇ ನಿನ್ ಕೈ ಕಟ್ಟುಸ್ತಾವ್ರೆ.”

ಸೀನಿಯರು ಕನ್ನಡಕ ತೆಗೆದು ಒರೆಸತೊಡಗಿದರು. ಅವರು ನಗುವಾಗ ಹಾಗೆ ಮಾಡುತ್ತಾರೆ.

ಅದರ ಅರ್ಥವನ್ನು ನಾನು ಬಿಡಿಸಿ ಹೇಳಲೇಬೇಕಾಯಿತು. ಕುಂಕುಮ ಹೋದರೆ ಕುಂಕುಮದ ಹೊಲ ಹೋಗುತ್ತದೆ ಎಂಬುದು ನಿಜವಾದರೆ, ಅವ್ವನ ಹೊಲ ಅಪ್ಪ ಸತ್ತ ದಿನವೇ ಮಾವಂದಿರದಾಯಿತು. ಅಣ್ಣಂದಿರು ರಸ್ತೆ ಬದಿಯದನ್ನು ಮಾರುವಂತಿಲ್ಲ. ಸುಳ್ಳಾದರೆ ತಂಗಿಯ ಹೊಲ ತಂಗಿಯದು, ನಡುವಿನದನ್ನು ಮಾರುವಂತಿಲ್ಲ. ಎರಡನ್ನೂ ಒಟ್ಟಿಗೆ ಮಾರುವ ವಾದ ಪ್ರಪಂಚದಲ್ಲಿಲ್ಲ. ಇಷ್ಟಕ್ಕೇ ಮುಗಿಯಲಿಲ್ಲ. ಅವ್ವನ ಹೊಲ ಅವ್ವನ ಸ್ವಂತದ್ದಾದರೆ ಅವಳ ನಂತರ ಅದು ಮಕ್ಕಳಿಗೆಲ್ಲ ಸಮ, ಗಂಡು ಹೆಣ್ಣೆಂಬ ಭೇದವಿಲ್ಲ. ಅದರ ಕ್ರಯಪತ್ರಕ್ಕೆ ತಂಗಿಯ ರುಜುವೂ ಬೇಕು.

“ಅಂಗಾರೆ ಅವ್ಳ ಕಾಲು ಇಡೀಬೇಕಾ ನಾನು?” ಎಂದ ದೊಡ್ಡಣ್ಣ.

“ಕಾಲು ಬೇಡ, ಕೈ ಸಾಕು,” ಎಂದರು ಸೀನಿಯರು. “ರುಜು ಹಾಕಬೇಕಲ್ಲ.”

ನಡುವಿನ ಹೊಲವನ್ನು ಅಣ್ಣಂದಿರು ಮಾರುವಂತಿಲ್ಲ ಎಂದು ಅಭಿಪ್ರಾಯ ಬರೆದುಕೊಟ್ಟೆ. ವ್ಯಾಪಾರಿ ಮುಖ ಸಣ್ಣದು ಮಾಡಿಕೊಂಡ. ನಡುವಿನದಿಲ್ಲದೆ ಹಿಂದಿನದರಿಂದ ಅವನಿಗೆ ಉಪಯೋಗವಿಲ್ಲ. ಕೊನೆಗೆ ರಸ್ತೆ ಬದಿಯದೊಂದೇ ಸಾಕೆಂದ. ತಂಗಿಯ ಭಾಗದ ಹಣ ತಂಗಿಗೆ ಎಂದು ಮಾತಾಯಿತು. ಅವಳು ರುಜು ಹಾಕಲು ಒಪ್ಪಿದಳು.

ಇಲ್ಲಿಗೆ ನನ್ನ ಕೆಲಸ ಮುಗಿದಂತೆಯೇ. ಆದರೆ ಆ ಅಭಿಪ್ರಾಯದಿಂದ ತಂಗಿಗೆ ಏನು ಸಿಕ್ಕಿತು ಎಂದು ಕೇಳಿಕೊಂಡರೆ, ಏನೂ ಇಲ್ಲ. ಅದು ವ್ಯಾಪಾರಿಗೆ ಬರೆದ ಕಾಗದ, ಅವನ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತದೆ. ಖಾತೆ ಇನ್ನೂ ಅಣ್ಣಂದಿರ ಹೆಸರಿನಲ್ಲಿದೆ. ಪತ್ರದಲ್ಲಿ ಆ ಸಾಲು ಇನ್ನೂ ಇಲ್ಲ. ಮುಂದಿನ ವರ್ಷ ಇನ್ನೊಬ್ಬ ಕೊಳ್ಳುವವನು, ಇನ್ನಷ್ಟು ಉದಾರವಾದ ಇನ್ನೊಬ್ಬ ವಕೀಲ ಸಿಕ್ಕರೆ ಎಲ್ಲವೂ ಮೊದಲಿನಿಂದ. ಇದು ಗೊತ್ತಿದ್ದೂ ನಾನು ಏನೂ ಮಾಡುವಂತಿರಲಿಲ್ಲ. ಅವಳು ನನ್ನ ಕಕ್ಷಿದಾರಳಲ್ಲ. ಅವಳೇ ಅದನ್ನು ಮೊದಲ ದಿನ ಹೇಳಿದ್ದಳು.

ಕ್ರಯಪತ್ರದ ಕರಡು ನನ್ನದು. ಬಡಗಲ ಅಂಚಿನ ಗಾಡಿ ಓಣಿ ಹಿಂದಿನ ಎರಡೂ ಹೊಲಗಳಿಗೆ ಉಳಿಯಬೇಕೆಂದು ಬರೆದೆ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ, ಅಣ್ಣಂದಿರ ಗಾಡಿಯೂ ಅಲ್ಲೇ ಹೋಗಬೇಕಲ್ಲ. ಚೆಕ್ಕುಬಂದಿ ಮಾತ್ರ, ಅಂದರೆ ನಾಲ್ಕೂ ದಿಕ್ಕಿಗೆ ಯಾರ ಜಮೀನಿದೆ ಎಂಬ ವಿವರ, ಪತ್ರ ಬರಹಗಾರನೇ ಮಾರುವವರನ್ನು ಕೇಳಿ ತುಂಬುವ ರೂಢಿ.

ನೋಂದಣಿಯ ದಿನ ಬರಹಗಾರನ ಅಂಗಡಿಯಲ್ಲಿ ಎಲ್ಲರೂ ಸೇರಿದ್ದೆವು. ಸೀನಿಯರು ಬಂದಿರಲಿಲ್ಲ. ಬರಹಗಾರ ಪತ್ರವನ್ನು ಗಟ್ಟಿಯಾಗಿ, ಉಸಿರುಬಿಡದೆ ಓದಿಹೇಳುತ್ತಿದ್ದ. ಮೂಡಲಿಗೆ ಸರ್ಕಾರಿ ರಸ್ತೆ. ತೆಂಕಲಿಗೆ ಬೇರೆಯವರ ಜಮೀನು. ಬಡಗಲಿಗೆ ಗಾಡಿ ಓಣಿ. ಪಡುವಲಿಗೆ ನಮ್ಮ ಬಾಬ್ತು ಜಮೀನು.

ಪಡುವಲಿಗೆ ಇರುವುದು ತಂಗಿಯ ರಾಗಿ ಹೊಲ. ಬರೆದುಕೊಡುವವರು ಮೂವರು, ತಂಗಿಯೂ ಸೇರಿ. ಹಾಗಾದರೆ ‘ನಮ್ಮ’ ಎಂದರೆ ಮೂವರದೂ. ಅದರ ಕೆಳಗೆ ಅವಳು ರುಜು ಹಾಕಿದರೆ ತನ್ನ ಹೊಲ ಮೂವರ ಜಂಟಿ ಎಂದು ತಾನೇ ಒಪ್ಪಿಕೊಂಡ ಹಾಗೆ. ಚೆಕ್ಕುಬಂದಿಯಲ್ಲಿ ಒಪ್ಪಿ ಬರೆದದ್ದು ಆಮೇಲೆ ಕೋರ್ಟಿನಲ್ಲಿ ಬರೆದವರ ಬಾಯನ್ನೇ ಕಟ್ಟುತ್ತದೆ. ಬರಹಗಾರ ಬೇಕೆಂದು ಮಾಡಿದ್ದಲ್ಲ. ಪಹಣಿ ಅಣ್ಣಂದಿರ ಹೆಸರಿನಲ್ಲಿತ್ತು, ಅವರು ‘ನಮ್ದು’ ಎಂದಿದ್ದರು, ಇವನು ಬರೆದಿದ್ದ.

ನಾನು ತಲೆಯೆತ್ತಿದ್ದನ್ನು ವ್ಯಾಪಾರಿ ಗಮನಿಸಿದ. ಬಗ್ಗಿ ಮೆಲ್ಲಗೆ, “ಮೇಡಂ, ಅದು ನಮಗ್ಯಾಕೆ? ಮುಂದೆ ಆ ಹೊಲ ತಗೊಳ್ಳೋ ಕಾಲ ಬಂದ್ರೆ ಹಿಂಗಿರೋದೇ ಒಳ್ಳೇದಲ್ವಾ?” ಎಂದ.

ಅವನ ಮಾತಿನಲ್ಲಿ ತರ್ಕವಿತ್ತು. ನಾನು ಅವನ ವಕೀಲಳು. ಅವನ ಲಾಭ ನೋಡಬೇಕಾದವಳು. ಅದಕ್ಕೆ ಎದುರಾದ ತರ್ಕವೂ ಇತ್ತು. ನಡುವಿನದು ತಂಗಿಯದು ಎಂದು ಅವನಿಗೆ ಬರೆದುಕೊಟ್ಟವಳು ನಾನೇ, ಅದನ್ನು ಅಲ್ಲಗಳೆಯುವ ಪತ್ರದ ಕೊನೆಯಲ್ಲಿ ‘ಕರಡು ತಯಾರಿಸಿದವರು’ ಎಂದು ನನ್ನದೇ ರುಜು ಬೀಳಬೇಕು. ಎರಡು ಹಾಳೆಯಲ್ಲಿ ಬರೆದರೆ ಎರಡೂ ಚೆನ್ನಾಗಿರುತ್ತವೆ. ಆದರೆ ಈ ಸಲ ಮೇಜಿನ ಮೇಲಿದ್ದದ್ದು ಒಂದೇ ಪತ್ರ.

“ಹಾಗಿದ್ದರೆ ಇದಕ್ಕೆ ನನ್ನ ರುಜು ಬೀಳುವುದಿಲ್ಲ,” ಎಂದು ಅವನಿಗೆ ಹೇಳಿದೆ. “ಬೇರೆ ವಕೀಲರಿಂದ ಹಾಕಿಸಿಕೊಳ್ಳಿ.” ಆಮೇಲೆ ಬರಹಗಾರನ ಕಡೆ ತಿರುಗಿದೆ. “ಸ್ವಲ್ಪ ನಿಲ್ಲಿಸಿ. ಅಲ್ಲಿ ‘ನಮ್ಮ’ ಅಂದರೆ ಯಾರ್ಯಾರು?”

“ಅಮ್ಮಾ,” ಎಂದ ಅವನು ಬೇಸರದಿಂದ, “ನಾನು ಪೆನ್ನು ಹಿಡಿದಾಗಿನಿಂದ ‘ನಮ್ಮ ಬಾಬ್ತು’ ಅಂತಲೇ ಬರೀತಿದ್ದೀನಿ. ಇದುವರೆಗೂ ಯಾರೂ ಅರ್ಥ ಕೇಳಿಲ್ಲ.”

“ನಮ್ಮ ಅಂದ್ರೆ ನಮ್ದು,” ಎಂದ ದೊಡ್ಡಣ್ಣ.

“ನಿಂದೂ ನಂದೂ,” ಎಂದ ಕಿರಿಯವನು.

ಪೆನ್ನು ಹಿಡಿದು ಕೂತಿದ್ದ ತಂಗಿ ತಲೆಯೆತ್ತಿದಳು. “ನಾನೂ ಸೇರ್ಕಂಡಾ?” ಎಂದಳು.

“ಸೇರ್ಕೊ, ಯಾರ್ ಬ್ಯಾಡ ಅಂದ್ರು?” ಎಂದ ದೊಡ್ಡಣ್ಣ.

“ಸೇರಲ್ಲ ಕಣಣ್ಣ. ಅವ್ವನ ಒಲ್ದಲ್ಲಿ ನಾವು ಮೂರು ಜನ. ಅದ್ಕೆ ರುಜು ಆಕ್ತೀನಿ ಅಂದೆ, ಆಕ್ತೀನಿ. ಇದ್ರಲ್ಲಿ ನಾನು ಒಬ್ಳೇ.” ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು. “ಇದ್ನ ಒಪ್ಕಳ್ಳೋಗಂಟ ನಾನು ಆ ಪೆನ್ನು ಮುಟ್ಟಲ್ಲ.”

ದೊಡ್ಡಣ್ಣ ಎದ್ದು ಹೊರಗೆ ಹೋದ. ಅವನ ಹಿಂದೆ ಕಿರಿಯವನೂ ಹೋದ. ವ್ಯಾಪಾರಿ ನನ್ನ ಕಡೆ ನೋಡಲಿಲ್ಲ. ಪತ್ರ ಅಲ್ಲೇ ಬಿದ್ದಿತ್ತು. ಛಾಪಾಕಾಗದ ದಂಡವಾಯಿತೆಂದು ಬರಹಗಾರ ಗೊಣಗುತ್ತಿದ್ದ. ತಂಗಿ ಬೆಂಚಿನ ತುದಿಯಲ್ಲಿ ಕೂತು ಸೆರಗಿನ ಅಂಚಿಗೆ ಅಂಟಿದ್ದ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಬೆಳಿಗ್ಗೆ ಹೊಲಕ್ಕೆ ಹೋಗಿಯೇ ಬಂದಿದ್ದಳು ಎಂದು ಕಾಣುತ್ತದೆ.

ಹೊರಗೆ ಅಣ್ಣತಮ್ಮಂದಿರ ನಡುವೆ ಏನು ಮಾತಾಯಿತೋ ನನಗೆ ತಿಳಿಯದು. ಒಳಗೆ ಬಂದಾಗ ದೊಡ್ಡಣ್ಣನ ಟವೆಲು ಹೆಗಲ ಮೇಲಿರಲಿಲ್ಲ, ಕೈಯಲ್ಲಿತ್ತು.

“ಬರ್ಕಳಿ,” ಎಂದ ಬರಹಗಾರನಿಗೆ. “ಪಡುವಲಿಗೆ ತಂಗಿ ಜಮೀನು.”

“‘ನಮ್ಮ’ ಹೊಡೆದುಹಾಕಲಾ?”

ದೊಡ್ಡಣ್ಣ ಪತ್ರದ ಕಡೆ ಬಗ್ಗಿದ. “ಬ್ಯಾಡ. ಅದು ಇರ್ಲಿ. ನಮ್ಮ ತಂಗಿ ಜಮೀನು ಅಂತ ಬರೀರಿ.”

ಅವನು ಮಣಿದದ್ದು ತಂಗಿಗೋ, ಅವ್ವನ ಬಗ್ಗೆ ತಾನೇ ಆಡಿದ ಮಾತಿಗೋ, ಮಾರಾಟ ನಿಂತುಹೋದೀತೆಂಬ ಅಂಜಿಕೆಗೋ? ಮೂರರ ಪರವಾಗಿಯೂ ನಾನು ಈಗಲೂ ವಾದ ಮಾಡಬಲ್ಲೆ. ಒಂದರಲ್ಲಿ ಮಾತ್ರ ಅನುಮಾನವಿಲ್ಲ: ಆ ವಾಕ್ಯ ತಪ್ಪು. ಬರೆದುಕೊಡುವ ಮೂವರಲ್ಲಿ ಅವಳೂ ಒಬ್ಬಳು. ತನಗೆ ತಾನೇ ತಂಗಿಯಾಗುವುದು ಹೇಗೆ? ವೇದಿಕೆಯ ಮೇಲಾಗಿದ್ದರೆ ಎದ್ದು ನಿಲ್ಲುತ್ತಿದ್ದೆ. ಇಲ್ಲಿ ನಾನು ಮಾಡಿದ್ದಿಷ್ಟೇ. ‘ತಂಗಿ’ ಎಂಬುದರ ಮುಂದೆ ಅವಳ ಪೂರ್ತಿ ಹೆಸರು ಬರೆಸಿದೆ. ‘ಜಮೀನು’ ಎಂಬುದರ ಹಿಂದೆ ‘ಸ್ವಂತ’ ಎಂದು ಬರೆಸಿದೆ. ‘ನಮ್ಮ’ವನ್ನು ಮುಟ್ಟಲಿಲ್ಲ.

ಬರಹಗಾರ ಪತ್ರವನ್ನು ಮತ್ತೆ ಓದಲು ಹೊರಟ. “ತಡೀರಿ, ನಾನೇ ಓದ್ತೀನಿ,” ಎಂದು ತಂಗಿ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಬೆರಳಿಟ್ಟು, ಮೂಡಲಿನಿಂದ ಆರಂಭಿಸಿ, ಒಂದೊಂದೇ ದಿಕ್ಕು ಓದಿದಳು. ಪಡುವಲಿಗೆ ಬಂದಾಗ ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

“ಪೆನ್ನು ಕೊಡಣ್ಣ,” ಎಂದಳು.